ಸಕ್ಕರೆ ಹೋಯ್ತು

ಸೂಕ್ಷ್ಮದರ್ಶಕದಡಿ ಜೀವಕೋಶಗಳು ಇವತ್ತೂ ತೇಲುತ್ತಲೇ ಇದ್ದವು. ಲ್ಯಾಬಿನವಳು ತಟ್ಟೆಯನ್ನು ಮೆಲ್ಲಗೆ ಅಲುಗಿಸಿದಳು. ಒಂದಾದರೂ ತಳ ಹಿಡಿದಿದ್ದರೆ ಕೇಳಿ! ಹಾಳಾದವಕ್ಕೆ ಜೀವವೇನೋ ಇತ್ತು, ಅಂಟಿಕೊಳ್ಳುವ ಬುದ್ಧಿ ಮಾತ್ರ ಇರಲಿಲ್ಲ.

ಎಲ್ಲಿಂದ ಬಂದೀತು? ಕೋಶದ ಮೈಮೇಲೆ ಸಕ್ಕರೆಯ ಸಣ್ಣ ಸಣ್ಣ ಎಳೆಗಳಿರುತ್ತವೆ. ನೆರೆಯ ಕೋಶದ ಗುರುತು ಹಿಡಿದು ಅಂಟಿಕೊಳ್ಳಲು ಅವು ಬೇಕೇ ಬೇಕು. ಹೊಸ ತಟ್ಟೆಗೆ ಹಾಕಲು ಕೋಶಗಳನ್ನು ಬಿಡಿಸುವ ದ್ರಾವಣದಲ್ಲಿ ಐದು ನಿಮಿಷ ಇಡಬೇಕಾದ್ದನ್ನು ಮೊನ್ನೆ ಇವಳು ತಂಗಿಯ ಜೊತೆ ಫೋನಿನಲ್ಲಿ ಹರಟುತ್ತ ಅರ್ಧ ಗಂಟೆ ಬಿಟ್ಟಿದ್ದಳು. ದ್ರಾವಣ ಎಳೆಗಳನ್ನೆಲ್ಲ ಬೋಳಿಸಿಹಾಕಿತ್ತು. ಮತ್ತೆ ಚಿಗುರಿಯಾವು ಎಂದು ಯಾರಿಗೂ ಹೇಳದೆ ಎರಡು ದಿನ ಕಾದಳು. ಭಯವಾಗಿತ್ತು, ಅಷ್ಟೇ.

ಆ ಕೋಶಗಳು ಗೋಡೆಗೆ ಸುಣ್ಣ ಬಳಿಯುವವನೊಬ್ಬನ ಕಣ್ಣಿನವು. ಸುಣ್ಣ ಸಿಡಿದು ಅವನ ಎಡಗಣ್ಣು ಸುಟ್ಟಿತ್ತು. ಬಲಗಣ್ಣಿನ ಅಂಚಿನಿಂದ ಎಳ್ಳಿನಷ್ಟು ಚೂರು ತೆಗೆದು ಲ್ಯಾಬಿನಲ್ಲಿ ಬೆಳೆಸಿದ್ದರು. ಇವತ್ತು ಹನ್ನೊಂದಕ್ಕೆ ಅದನ್ನು ಎಡಗಣ್ಣಿಗೆ ಕೂರಿಸಬೇಕಿತ್ತು.

ಕೊನೆಗೂ ಅವಳು ಹೇಳಿದ್ದನ್ನೆಲ್ಲ ಕೇಳಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊನ್ನೆಯೇ ಬಾಯಿಬಿಡೋಕೆ ಏನಾಗಿತ್ತಮ್ಮಾ ನಿಂಗೆ? ಇನ್ನೊಂದ್ಸಲ ಆ ಒಳ್ಳೇ ಕಣ್ಣಿಗೇ ಕೈ ಹಾಕ್ಬೇಕು. ಅದಕ್ಕೇನಾದ್ರೂ ಆದ್ರೆ? ಹೋಗು, ನೀನೇ ಹೇಳು."

ವಾರ್ಡಿನ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಲ್ಯಾಬಿನವಳು ತಪ್ಪನ್ನು ಮಾತಿನಲ್ಲಿ ಮುಚ್ಚಿಡಲು ನೋಡಿದಳು.

"ಅಮ್ಮಾ... ನಿಮ್ಮೆಜಮಾನ್ರದು... ಸಕ್ಕರೆ ಹೋಗ್ಬಿಟ್ಟಿದೆ."

"ಸಕ್ಕರೆ ಹೋಯ್ತಾ! ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ! ಹತ್ತು ವರ್ಷದಿಂದ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು." ಆಕೆ ಒಳಕ್ಕೆ ತಿರುಗಿ ಕೂಗಿದಳು. "ರೀ, ಕೇಳಿಸ್ತಾ? ಸಕ್ಕರೆ ಕಾಯಿಲೆ ಹೋಯ್ತಂತೆ!"

"ಹಂಗಾದ್ರೆ ಇನ್ಮೇಲೆ ಟೀಗೆ ಎರಡು ಚಮಚ ಹಾಕೇ, ಜಿಪುಣಿ!" ಒಳಗಿನಿಂದ ನಗು ಬಂತು.

ಅಯ್ಯೋ, ಹಾಗೇ ಓಡಿಹೋಗೋಣ ಅನ್ನಿಸಿತು ಲ್ಯಾಬಿನವಳಿಗೆ. ಆದರೂ ಒಳಗೆ ಹೋಗಿ ಮಂಚದ ಪಕ್ಕ ನಿಂತಳು. ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು. ಬಲಗಣ್ಣರಳಿಸಿ ಅವನು ಅವಳನ್ನೇ ನೋಡುತ್ತಿದ್ದ.

"ಆ ಸಕ್ಕರೆ ಅಲ್ಲ ಅಣ್ಣಾ. ನಿಮ್ಮ ಕಣ್ಣಿನ ಕೋಶಗಳ ಮೇಲಿರೋದು. ನಾನೇ ಹಾಳು ಮಾಡ್ದೆ. ಅವು ಇನ್ನು ಅಂಟಲ್ಲ." ಅವನ ಬಲಗಣ್ಣಿನತ್ತ ಬೆರಳು ಮಾಡಿದಳು. "ಇನ್ನೊಂದ್ಸಲ ತೆಗೀಬೇಕು. ಅದೇ ಕಣ್ಣಿಂದ."

ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಸುಣ್ಣ ಕಚ್ಚಿ ಒರಟಾಗಿದ್ದ ಅವನ ಕೈ ತಾನಾಗಿಯೇ ಮೇಲೆದ್ದು ಬಲಗಣ್ಣನ್ನು ಮುಚ್ಚಿಕೊಂಡಿತು.