ಗೂಟದ ಮೇಲಿನ ನಿಲುವಂಗಿ

ಬಿಶಾಯ್‌ನ ಮನೆಯಲ್ಲಿ ಆ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗೂಟಕ್ಕೆ ತೂಗುಹಾಕಿದ ಬಿಳಿ ನಿಲುವಂಗಿಯೇ ಎಲ್ಲ ಹೇಳಿಬಿಡುತ್ತಿತ್ತು.

ನಜ್ಲತ್ ಬೂಲುಸ್ ಎಂಬ ಹಳ್ಳಿಯ ಚರ್ಚಿಗೆ ಬಲಿಪೂಜೆಯ ರೊಟ್ಟಿ ಸುಡುವವನು ಅವನು. ಅವನ ಅಪ್ಪ ಸುಟ್ಟ, ಅಜ್ಜ ಸುಟ್ಟ. ಭಾನುವಾರ ಬೆಳಗಿನ ಕೋಳಿ ಕೂಗಿದ ಕೂಡಲೇ ಮೈ ತೊಳೆದು, ಆ ನಿಲುವಂಗಿ ತೊಟ್ಟು, ಚರ್ಚಿನ ಅಂಗಳದ ಮೂಲೆಯ ಒಲೆಮನೆಗೆ ಹೋಗುತ್ತಿದ್ದ. ಅಲ್ಲಿ ಉಪ್ಪು ಹಾಕದ ಹಿಟ್ಟು ನಾದಬೇಕು, ಕೀರ್ತನೆ ಹೇಳುತ್ತಾ ನಾದಬೇಕು. ಉಂಡೆಯ ಮೇಲೆ ಮರದ ಅಚ್ಚು ಒತ್ತಿದರೆ ನಡುವೆ ಒಂದು ದೊಡ್ಡ ಶಿಲುಬೆ, ಸುತ್ತ ಹನ್ನೆರಡು ಸಣ್ಣವು. ಆಮೇಲೆ ಕಡ್ಡಿಯಿಂದ ಐದು ತೂತು, ಕರ್ತನಿಗೆ ಶಿಲುಬೆಯ ಮೇಲಾದ ಐದು ಗಾಯಗಳಿಗೆ. ಹಾಗೆ ಸುಟ್ಟ ರೊಟ್ಟಿಗಳಲ್ಲಿ ಒಂದನ್ನು ಅಬೂನಾ ಬಕ್ತೂರ್ ಆರಿಸಿ ಬಲಿಪೀಠಕ್ಕೆ ಒಯ್ಯುತ್ತಿದ್ದರು. ಅಬೂನಾ ಎಂದರೆ ಊರಿನ ಪಾದ್ರಿ, ಎಲ್ಲರ ತಂದೆ. ಅವರ ಕೈಯಲ್ಲಿ ಆ ರೊಟ್ಟಿ ದೇವರ ದೇಹವಾಗುತ್ತಿತ್ತು.

ನಿಲುವಂಗಿಯನ್ನು ಗೂಟದಿಂದ ತೆಗೆದು ಕೊಡುವುದು ಹೆಂಡತಿ ಇಸ್ತಿರ್‌ಳ ಕೆಲಸ. ಅವಳು ಹೊರಗಾದ ದಿನಗಳಲ್ಲಿ ಮಾತ್ರ ಮಗಳು ಮಾರ್ತಾ ತಂದು ಕೊಡುತ್ತಿದ್ದಳು. ಮಗಳ ಕೈಯಿಂದ ಅಂಗಿ ಬಂತೆಂದರೆ ಇಸ್ತಿರ್ ಆ ವಾರ ಚರ್ಚಿನೊಳಕ್ಕೆ ಬರುವಂತಿಲ್ಲ, ಆ ರೊಟ್ಟಿಯ ಪ್ರಸಾದ ತಿನ್ನುವಂತಿಲ್ಲ, ಗಂಡನ ಹಿಟ್ಟಿನ ಚೀಲದ ಹತ್ತಿರ ಸುಳಿಯುವಂತಿಲ್ಲ. ಬಿಶಾಯ್ ಏನೂ ಕೇಳುತ್ತಿರಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದು ಅವನಿಗೆ ಕಲಿಸಿದ್ದರು.

ಆ ವರ್ಷ ಶಿಲುಬೆಯ ಹಬ್ಬ ಕಳೆದ ಮೇಲೆ ಅಂಗಿ ಮಗಳ ಕೈಯಿಂದ ಬಂತು. ಮುಂದಿನ ಭಾನುವಾರವೂ ಹಾಗೇ ಬಂತು. ಅದರ ಮುಂದಿನದೂ. ಕ್ರಿಸ್ತಜಯಂತಿ ಹೋಯಿತು, ದೊಡ್ಡ ಉಪವಾಸ ಬಂತು, ಅಂಗಿ ಮಾರ್ತಾಳ ಕೈಯಲ್ಲೇ ಉಳಿಯಿತು. ಏಳು ತಿಂಗಳು ಅವನು ಅದನ್ನು ತೊಟ್ಟ, ಏಳು ತಿಂಗಳು ಸುಮ್ಮನಿದ್ದ. ಒಂದು ಜೀವ ಕಣ್ಣೆದುರೇ ಹರಿದು ಹೋಗುತ್ತಿತ್ತು. ಆ ಮನೆಯಲ್ಲಿ ಅದನ್ನು ಮೈಲಿಗೆ ಎಂದು ಕರೆಯುತ್ತಿದ್ದರು.

ಪೂಜೆ ನಡೆಯುವಾಗ ಇಸ್ತಿರ್ ಚರ್ಚಿನ ಅಂಗಳದಲ್ಲಿ ನಲ್ಲಿಯ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಲೆಮನೆಯ ಕಿಟಕಿಯಿಂದ ರೊಟ್ಟಿಯ ಘಮ ಅಲ್ಲಿಯವರೆಗೆ ಬರುತ್ತಿತ್ತು. ಅಷ್ಟೇ ಅವಳ ಪಾಲು.

"ವಯಸ್ಸು ಕಣೇ, ನಿಲ್ಲೋ ಕಾಲಕ್ಕೆ ಹೀಗೇ ಆಗತ್ತೆ," ಎಂದು ಅತ್ತೆ ಹನೂನಾ ಚಕ್ಕೆ, ಮೆಂತ್ಯ ಕುದಿಸಿ ಕೊಟ್ಟಳು. "ಗಂಡಸರ ಕಿವಿಗೆ ಹಾಕಬೇಡ. ನನಗೂ ಆಗಿತ್ತು, ನಾನೇನು ಡಂಗುರ ಹೊಡೆಸಿದ್ನಾ?"

ಉಪವಾಸ ಮುಗಿದು, ಕರ್ತನು ಮತ್ತೆ ಎದ್ದ ನೆನಪಿನ ಪಾಸ್ಕದ ಹಬ್ಬಕ್ಕೆ ಮಿನ್ಯಾ ಪಟ್ಟಣದಿಂದ ಇಸ್ತಿರ್‌ಳ ಅಕ್ಕ ಲಬೀಬಾ ಬಂದಳು. ಶಾಲೆಯಲ್ಲಿ ಪಾಠ ಹೇಳುವವಳು. ತಂಗಿಯ ಬೂದಿ ಬಡಿದ ತುಟಿ ನೋಡಿ ಕೈಚೀಲವನ್ನೂ ಕೆಳಗಿಡದೆ ಕೇಳಿದಳು: "ಎಷ್ಟು ದಿನದಿಂದ?"

ಇಸ್ತಿರ್ ಗೂಟದ ಕಡೆ ನೋಡಿದಳು.

ಮರುದಿನವೇ ಲಬೀಬಾ ಅವಳನ್ನು ಬಾಡಿಗೆ ವ್ಯಾನಿನಲ್ಲಿ ಕೂರಿಸಿ, ಬಿಶಾಯ್‌ನನ್ನೂ ಹತ್ತಿಸಿಕೊಂಡು ಪಟ್ಟಣಕ್ಕೆ ಕರೆದೊಯ್ದಳು. ಸೀಟಿನ ಮೇಲೆ ಮೂರು ಮಡಿಕೆ ಹಾಸಿದ ಬಟ್ಟೆ ಇಳಿಯುವಷ್ಟರಲ್ಲಿ ಒದ್ದೆಯಾಗಿತ್ತು. ಡಾಕ್ಟರು ಬಿಶಾಯ್‌ನನ್ನು ಹೊರಗೆ ಕರೆದರು. "ಗರ್ಭಕೋಶದ ಗಡ್ಡೆ. ಮೈಯೆಲ್ಲ ಹರಡಿದೆ. ಶುರುವಲ್ಲೇ ತಂದಿದ್ರೆ ತೆಗೀಬಹುದಿತ್ತು. ನಿಮಗೆ ಗೊತ್ತೇ ಆಗಲಿಲ್ವಾ?"

ಬಿಶಾಯ್‌ಗೆ ಗೊತ್ತಿತ್ತು. ಮೂವತ್ತು ಭಾನುವಾರ ಗೊತ್ತಿತ್ತು.

ಮನೆಗೆ ಮರಳಿದ ಇಸ್ತಿರ್ ಔಷಧಿ ಕೇಳಲಿಲ್ಲ. ಒಂದೇ ಒಂದನ್ನು ಕೇಳಿದಳು. "ಮಾರ್ತಾನ ಅಪ್ಪ, ಹೋಗೋದರೊಳಗೆ ಒಂದ್ಸಲ ಪ್ರಸಾದ ತಿನ್ನಬೇಕು ನಾನು. ಅಬೂನಾನ ಕರೀರಿ."

ಅಬೂನಾ ಬಕ್ತೂರ್ ಬಂದರು. ಕೆಟ್ಟ ಮನುಷ್ಯರಲ್ಲ. ಮಂಚದ ಪಕ್ಕ ಕೂತು ಪ್ರಾರ್ಥಿಸಿದರು, ಹಣೆಗೆ, ಕೈಗೆ ಎಣ್ಣೆ ಹಚ್ಚಿದರು, ಕಣ್ಣೊರೆಸಿಕೊಂಡರು. ಪ್ರಸಾದದ ಮಾತು ಬಂದಾಗ ಗಡ್ಡ ನೀವಿಕೊಂಡರು.

"ಎಣ್ಣೆ ಆಗತ್ತೆ ಮಗಳೇ. ಅದು ಆಗಲ್ಲ. ನಿಯಮ ನಾನು ಮಾಡಿದ್ದಲ್ಲ. ನಿಂತ ಮೇಲೆ ನಾನೇ ತಂದು ಬಾಯಿಗೆ ಇಡ್ತೀನಿ."

"ಅದು ನಿಲ್ಲೋ ದಿನ ನಾನೂ ಇರಲ್ಲ ಅಬೂನಾ."

ಲಬೀಬಾ ಬಾಗಿಲಲ್ಲಿ ನಿಂತಿದ್ದಳು. "ಹನ್ನೆರಡು ವರ್ಷ ರಕ್ತ ಹೋದ ಹೆಂಗಸಿನ ಕಥೆ ಸುವಾರ್ತೆಯಿಂದ ನೀವೇ ಓದ್ತೀರಲ್ಲ ಅಬೂನಾ, ವರ್ಷಾ ವರ್ಷಾ? ಅವಳು ಕರ್ತನನ್ನ ಮುಟ್ಟಿದಳು. ಅವನೇನು ಮೈಲಿಗೆ ಆದನಾ?"

ಮೂಲೆಯಿಂದ ಹನೂನಾ ಬಾಯಿ ಹಾಕಿದಳು. "ಅವಳು ಬಟ್ಟೆಯ ಅಂಚು ಮುಟ್ಟಿದಳು ಕಣಮ್ಮ ಟೀಚರಮ್ಮ, ಬಾಯಿಗೆ ಹಾಕ್ಕೊಳ್ಳಲಿಲ್ಲ. ನನಗೂ ಸುವಾರ್ತೆ ಬಾಯಿಪಾಠ."

"ಅಂಚು ಮುಟ್ಟಿದವಳನ್ನ ಅವನು ಮಗಳೇ ಅಂದ. ಸಮಾಧಾನದಿಂದ ಹೋಗು ಅಂದ. ನೀವು ನಲ್ಲಿ ಹತ್ರ ಕೂರು ಅಂದ್ರಿ."

"ನನ್ನ ಅತ್ತೆ ನನ್ನ ಅಲ್ಲೇ ಕೂರಿಸಿದಳು. ನಾನೇನು ಸತ್ನಾ?" ಎಂದಳು ಹನೂನಾ. ಮಂಚದ ಮೇಲೆ ಸಾಯುತ್ತಿರುವವಳ ಎದುರಿಗೇ ಆ ಮಾತು ಬಾಯಿಂದ ಜಾರಿತ್ತು. ಆಮೇಲೆ ಅವಳು ಜಪಮಾಲೆಯ ಕಡೆ ಮುಖ ತಿರುಗಿಸಿದಳು.

ಅಬೂನಾ ಎದ್ದು ಹೋದರು. ಬಿಶಾಯ್ ಅವರನ್ನು ಬೀದಿಯ ತಿರುವಿನ ತನಕ ಬಿಟ್ಟು, ಕೈಗೆ ಮುತ್ತಿಟ್ಟು ಬಂದ.

ಒಳಗೆ ಬಂದಾಗ ಇಸ್ತಿರ್ ಸೂರು ನೋಡುತ್ತಾ ಮಲಗಿದ್ದಳು. "ಕರ್ತನಿಗೆ ಮೈ ಎಲ್ಲಿಂದ ಬಂತು, ಹೇಳಿ," ಎಂದಳು. "ಒಂಬತ್ತು ತಿಂಗಳು ಒಬ್ಬಳು ಹೆಂಗಸಿನ ಹೊಟ್ಟೇಲಿ, ಅವಳ ರಕ್ತ ಕುಡಿದು ಬೆಳೆದ. ಶಿಲುಬೆ ಮೇಲೆ ಸುರಿಸಿದ್ದೂ ಅದನ್ನೇ. ಅವನದ್ದಾದ್ರೆ ಪೂಜೇಲಿ ಬಂಗಾರದ ಬಟ್ಟಲಲ್ಲಿ ಹಿಡೀತೀರಿ. ನಮ್ಮದಾದ್ರೆ ಬಾಗಿಲು ಹಾಕ್ತೀರಿ."

"ಸುಮ್ನಿರು ಇಸ್ತಿರ್. ಪಾಪ ಬರತ್ತೆ."

"ಇಪ್ಪತ್ತು ವರ್ಷ ನೀವು ರೊಟ್ಟಿ ಸುಟ್ಟಿದೀರಿ. ಒಂದು ತುಂಡು, ಅಷ್ಟೇ ನಾನು ಕೇಳಿದ್ದು."

ಅವನು ತರಲಿಲ್ಲ. ತರುವ ಧೈರ್ಯ ಅವನಿಗಿರಲಿಲ್ಲ.

ಮುಂದಿನ ಭಾನುವಾರ ನಸುಕಿನಲ್ಲಿ ಅವಳ ಕೆಳಗಿನ ಬಟ್ಟೆ ಬದಲಿಸುವವರಿರಲಿಲ್ಲ. ಲಬೀಬಾ ಪಟ್ಟಣಕ್ಕೆ ಹೋಗಿದ್ದಳು, ಹನೂನಾ ಪೂಜೆಗೆ ಹೋಗುವವಳಾದ್ದರಿಂದ ಮುಟ್ಟಲೊಲ್ಲಳು, ಮಾರ್ತಾ ಅಳುತ್ತಾ ನೀರು ಕಾಯಿಸುತ್ತಿದ್ದಳು. ಬಿಶಾಯ್ ತಾನೇ ಬದಲಿಸಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳ ರಕ್ತ ಅವನ ಕೈಗೆ ಹತ್ತಿತು. ಬಿಸಿಯಾಗಿತ್ತು. ಬೇರೆ ಯಾವ ರಕ್ತವಾದರೂ ಹೇಗೋ ಅದೂ ಹಾಗೇ ಇತ್ತು.

ಅವನು ಕೈ ತೊಳೆದು ತಿರುಗುವಷ್ಟರಲ್ಲಿ ಇಸ್ತಿರ್ ಗೋಡೆ ಹಿಡಿದು ಎದ್ದು ನಿಂತಿದ್ದಳು. ಗೂಟದಿಂದ ಅಂಗಿ ತೆಗೆದು ಅವನ ಕಡೆ ಚಾಚಿದ್ದಳು.

ಬಿಶಾಯ್‌ನ ಕೈ ಒಂದು ಗಳಿಗೆ ಹಿಂದೆ ಸರಿಯಿತು. ಅಷ್ಟೇ, ಒಂದೇ ಗಳಿಗೆ. ಅವಳು ಅದನ್ನು ಕಂಡಳು. ಆಮೇಲೆ ಅವನು ಅಂಗಿ ತೆಗೆದುಕೊಂಡ, ತೊಟ್ಟ, ಹೋದ.

ಒಲೆಮನೆಯಲ್ಲಿ ಹಿಟ್ಟು ನಾದುವಾಗ ಅಂಗಿಯ ತೋಳಿನ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಕಾಣಿಸಿತು. ಅವನು ತೋಳು ಮಡಿಸಿಕೊಂಡು ನಾದುತ್ತಲೇ ಹೋದ. ಹಿಟ್ಟು ಎಂದಿನಂತೆ ಉಬ್ಬಿತು. ಅಬೂನಾ ಅದರಿಂದಲೇ ಒಂದನ್ನು ಆರಿಸಿ ಎರಡೂ ಕೈಯಲ್ಲಿ ಮೇಲೆತ್ತಿದರು, ಊರಿಗೆ ಊರೇ ತಲೆಬಾಗಿತು. ಆ ಹೊತ್ತಿಗೆ ಮನೆಯಲ್ಲಿ ಇಸ್ತಿರ್‌ಳ ರಕ್ತ ನಿಂತಿತ್ತು.

ನಲವತ್ತು ದಿನ ತುಂಬಿದ ಮೇಲಿನ ಭಾನುವಾರ ಸತ್ತವರ ಹೆಸರಲ್ಲಿ ರೊಟ್ಟಿ ಅರ್ಪಿಸಬೇಕು. ಆ ಭಾನುವಾರ ಬಂತು. ಬದುಕಿದ್ದಾಗ ತುಂಡು ರೊಟ್ಟಿ ಕೊಡದವರು ಸತ್ತ ಮೇಲೆ ಬುಟ್ಟಿ ತುಂಬ ಕೊಡುತ್ತಾರೆ, ಇದು ನಮ್ಮ ಧರ್ಮ.

ಕೋಳಿ ಕೂಗಿತು. ಬಿಶಾಯ್ ಮೈ ತೊಳೆದು ಬಂದ. ಗೂಟದಿಂದ ಅಂಗಿ ತೆಗೆದು ಚಾಚಿದವಳು ಅವನ ತಾಯಿ ಹನೂನಾ.

ಅವನು ಮಗಳ ಕಡೆ ನೋಡಿದ. ಹದಿಮೂರರ ಮಾರ್ತಾ ಒಲೆಯ ಹಿಂದೆ ಮಂಡಿಗೆ ಮುಖ ಒತ್ತಿ ಕೂತಿದ್ದಳು. ತಾಯಿಯ ಪೂಜೆಗೆಂದು ರಾತ್ರಿಯೇ ಮಡಿಸಿಟ್ಟ ಬಿಳಿ ತಲೆವಸ್ತ್ರ ಮಡಿಸಿದ ಹಾಗೇ ಇತ್ತು.

"ಅವಳು ಬರಲ್ಲ ಇವತ್ತು," ಎಂದಳು ಹನೂನಾ. "ನಲ್ಲಿ ಹತ್ರ ಕೂರ್ತಾಳೆ. ನೀನು ಹೊರಡು, ಹೊತ್ತಾಯ್ತು."

"ಅಂಗಿ ಗೂಟಕ್ಕೆ ಹಾಕವ್ವ."

"ಏನೋ ಹಾಗಂದ್ರೆ?"

"ಹಾಕು. ಮಾರ್ತಾ, ಎದ್ದು ಬಾ ಕಂದ. ನೀನೇ ಕೊಡು."

"ಅಪ್ಪ, ನಾನು..."

"ಗೊತ್ತು. ನಿಮ್ಮಮ್ಮಂದೂ ಗೊತ್ತಿತ್ತು ನನಗೆ. ಗೊತ್ತಿದ್ದೂ ಕೇಳಲಿಲ್ಲ. ನೋವಿದೆಯಾ?"

ಆ ಮನೆಯಲ್ಲಿ ಒಬ್ಬ ಗಂಡಸು ಒಬ್ಬ ಹೆಣ್ಣಿಗೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಮಾರ್ತಾ ಹೌದೆಂದು ತಲೆಯಾಡಿಸಿದಳು. ಹನೂನಾ, "ನನ್ನ ಗಂಡ ಇದ್ದಿದ್ರೆ ನಿನ್ನ ಕಾಲು ಮುರೀತಿದ್ದ" ಎಂದಳು. ಅಂಗಿ ಮಗಳ ಕೈಯಿಂದ ಬಂತು. ಬಿಶಾಯ್ ಈ ಸಲ ಎರಡೂ ಕೈ ಚಾಚಿ ತೆಗೆದುಕೊಂಡ, ಕೈ ಹಿಂದೆ ಸರಿಯಲಿಲ್ಲ.

ಪೂಜೆಗೆ ಮೊದಲು ರೊಟ್ಟಿಯ ಬುಟ್ಟಿಯನ್ನು ತಾನೇ ಎತ್ತಿಕೊಂಡು ಬಲಿಪೀಠದ ಬಾಗಿಲಿಗೆ ಹೋದ. ರೊಟ್ಟಿ ಆರಿಸುವಾಗ ಜನ "ಕರ್ತನೇ ಕರುಣಿಸು" ಎಂದು ನಲವತ್ತೊಂದು ಸಲ ಹಾಡುವುದು ಪದ್ಧತಿ. ಹಾಡು ಶುರುವಾಯಿತು. ಅಬೂನಾ ಕೈ ಚಾಚಿದರು.

"ಆರಿಸೋ ಮುಂಚೆ ಒಂದು ಮಾತು ಅಬೂನಾ," ಎಂದ ಬಿಶಾಯ್, ಅವರಿಗೆ ಮಾತ್ರ ಕೇಳುವಂತೆ. "ಇಸ್ತಿರ್ ಸತ್ತ ದಿನ ಅವಳ ರಕ್ತ ಬಳಿದ ಕೈ ಇದು. ತೊಳೆದು ಬಂದು ನಾದಿದೆ. ಅಂಗಿ ಅವಳೇ ಕೊಟ್ಟಿದ್ದು, ಇಗೋ, ತೋಳಲ್ಲಿ ಕಲೆ ಇನ್ನೂ ಇದೆ. ಆ ರೊಟ್ಟಿ ಉಬ್ಬಿತು. ನೀವು ಎತ್ತಿದ್ರಿ. ಕರ್ತನು ಬರಲಿಲ್ವಾ ಅವತ್ತು?"

ಅಬೂನಾ ತೋಳಿನ ಕಲೆಯನ್ನು ನೋಡಿದರು.

"ಬಂದಿದ್ರೆ, ನಮ್ಮ ಮನೆ ಹೆಣ್ಣುಮಗುನ ಇನ್ನು ಯಾವ ದಿನವೂ ಹೊರಗೆ ಕೂರಿಸಬೇಡಿ. ಬೇರೆಯವರ ಮನೆಯವರನ್ನೂ. ಬಂದಿಲ್ಲ ಅಂತೀರಾದ್ರೆ ಬುಟ್ಟಿ ವಾಪಸ್ ಒಯ್ತೀನಿ. ಒಲೆ ಇವತ್ತಿಗೇ ಆರತ್ತೆ."

"ಬಿಶಾಯ್, ಜನ ನೋಡ್ತಿದ್ದಾರೆ."

"ಅವಳು ಮೆಟ್ಟಿಲ ಮೇಲೆ ಕೂತಾಗಲೂ ನೋಡ್ತಿದ್ರು."

ಮೂವತ್ತೆಂಟು. ಮೂವತ್ತೊಂಬತ್ತು. ಅಬೂನಾರ ಕೈ ಬುಟ್ಟಿಯ ಮೇಲೆ ನಿಂತಿತ್ತು. ಮುಂದೆ ಬರಲಿಲ್ಲ, ಹಿಂದೆ ಸರಿಯಲೂ ಇಲ್ಲ. ಬಿಶಾಯ್ ಬುಟ್ಟಿ ಹಿಡಿದೇ ಇದ್ದ. ನಲವತ್ತು. ನಲವತ್ತೊಂದು.

ಹಾಡು ಮುಗಿಯಿತು.

ಆಗ ಹೆಂಗಸರ ಕಡೆಯಿಂದ, ಹಿಂದಿನ ಸಾಲಿನಿಂದ, ಒಂದು ಎಳೆಯ ಗಂಟಲು ಒಂಟಿಯಾಗಿ ನಲವತ್ತೆರಡನೆಯದನ್ನು ಶುರು ಮಾಡಿತು. "ಕರ್ತನೇ ಕರುಣಿಸು."

ಬಿಶಾಯ್ ತಿರುಗಿ ನೋಡಲಿಲ್ಲ. ಮಾರ್ತಾಳ ಆ ದನಿ ನಲ್ಲಿಯ ಪಕ್ಕದಿಂದ ಬಂದದ್ದಲ್ಲ, ಹೊಸ್ತಿಲ ಒಳಗಿನಿಂದ ಬಂದದ್ದು. ಅವನು ಬುಟ್ಟಿಯನ್ನು ಇನ್ನಷ್ಟು ಮೇಲೆತ್ತಿ ಹಿಡಿದ.