ಹಿತ್ತಿಲ ಕೋಣೆಗೆ ಕೇಳಿಸಿದ ಹಸೆಹಾಡು

ಸೀತಾಲಕ್ಷ್ಮಿಯ ಸೋದರಮಾವ ಹಡಗಿನ ಕೆಲಸದವರು. ಅರವತ್ತೈದನೇ ಇಸವಿಯಲ್ಲಿ ಸ್ಪೇನಿನಿಂದ ಒಂದು ಎಲ್‌ಪಿ ರೆಕಾರ್ಡು ತಂದರು. ಹಾಡಿದವಳು ಹದಿನೆಂಟರ ಹುಡುಗಿ, ರೊಸಾರಿಯೊ. ಅಲ್ಲಿ ಯಾವ ಅಂಗಡಿಗೆ ಹೋದರೂ ಅವಳದೇ ಹಾಡಂತೆ, ರೆಕಾರ್ಡು ತರಿಸಿದಷ್ಟೂ ಖಾಲಿಯಂತೆ. ಜಯನಗರದ ಮೂರನೇ ಬ್ಲಾಕಿನಲ್ಲಿ ಅವಳಿಗಿದ್ದ ಅಭಿಮಾನಿಗಳು ಮಾತ್ರ ಇಬ್ಬರೇ: ಸೀತಾ ಮತ್ತು ಪಕ್ಕದ ಮನೆಯ ವಿಮಲಾ.

ಸೀತಾಗೆ ಕೇಳಿದರೆ ಸಾಕಿತ್ತು, ವಿಮಲಾಗೆ ಸಾಲಲಿಲ್ಲ. ಒಂದಕ್ಷರ ಅರ್ಥವಾಗದ ಆ ಧಾಟಿಗೆ, ಅಕ್ಕಿ ಆರಿಸುತ್ತ, ಬಟ್ಟೆ ಹಿಂಡುತ್ತ, ಕನ್ನಡದ ಮಾತು ಕಟ್ಟಿದಳು. ಮದುವೆಯಲ್ಲಿ ಗಂಡುಹೆಣ್ಣನ್ನು ಹಸೆಮಣೆಗೆ ಕರೆಯುವ ಹಾಡು. ಸೀತಾ ಕೇಳಿ, "ನಂಗೂ ಹೇಳ್ಕೊಡೇ" ಅಂದಳು. ವಿಮಲಾ ಹೇಳಿಕೊಟ್ಟಳು. ಗೆಳತಿಗಲ್ಲದೆ ಇನ್ಯಾರಿಗೆ?

ಅಷ್ಟರಲ್ಲಿ ಮಹಿಳಾ ಸಮಾಜದವರು ಹೊಸ ಹಸೆಹಾಡುಗಳ ಸ್ಪರ್ಧೆ ಇಟ್ಟರು. ಗೆದ್ದವಳಿಗೆ ರೇಡಿಯೋದಲ್ಲಿ ಹಾಡುವ ಅವಕಾಶ. ವಿಮಲಾಗೆ ಮನೆಯಲ್ಲಿ ಗಂಡು ಹುಡುಕುತ್ತಿದ್ದರು. ಆಮೇಲೆ ಯಾವ ಊರೋ, ಯಾವ ಅತ್ತೆಯೋ. ಅದಕ್ಕೆ ಮುಂಚೆ ಒಂದೇ ಒಂದು ಸಲ ತನ್ನ ಹಾಡು ನಾಲ್ಕು ಜನಕ್ಕೆ ಕೇಳಲಿ ಎಂಬುದು ಅವಳ ಆಸೆ.

ಹಾಳಾದ್ದು, ಸ್ಪರ್ಧೆಯ ದಿನ ಬೆಳಗ್ಗೆಯೇ ಮುಟ್ಟಾದಳು. ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿತ್ತಿಲ ಕೋಣೆ ಬಿಟ್ಟು ಕದಲುವಂತಿಲ್ಲ. ತಾಯಿ ನಾರಾಯಣಮ್ಮನಿಗೆ ದೇವರಿಗೂ ಇಲ್ಲದ ಮಡಿ. ವಿಮಲಾ ತುಟಿ ಬಿಚ್ಚಲಿಲ್ಲ. ಆದರೆ ಸೀತಾ ಜಡೆ ಹೆಣೆಯಲು ಕೈ ಚಾಚಿದಾಗ ಮನಸ್ಸು ತಡೆಯಲಿಲ್ಲ. ಅವಳನ್ನು ಮೈಲಿಗೆ ಮಾಡುವುದುಂಟೆ?

"ಮುಟ್ಬೇಡ ಕಣೇ. ನಾನು ಹೊರಗಾಗಿದೀನಿ. ಅಮ್ಮಂಗೆ ಹೇಳ್ಬೇಡ."

"ದೇವರಾಣೆ ಹೇಳಲ್ಲ" ಅಂದಳು ಸೀತಾ.

ಸ್ವಲ್ಪ ಹೊತ್ತಿಗೇ ನಾರಾಯಣಮ್ಮ ಚಾಪೆ, ತಂಬಿಗೆ ತಂದು ದೂರದಲ್ಲಿಟ್ಟು, "ಹಿತ್ತಿಲಿಗೆ ನಡಿ" ಅಂದರು. ಅಮ್ಮನ ಕಣ್ಣು ಹದ್ದಿನ ಕಣ್ಣು ಎಂದುಕೊಂಡು ವಿಮಲಾ ಅಳುತ್ತ ಹೋದಳು. ಗೆಳತಿಯ ಮೇಲೆ ಅನುಮಾನ ಬರಲಿಲ್ಲ, ಪೆದ್ದಿಗೆ.

ಸಂಜೆ ಪಕ್ಕದ ಮೈದಾನದಲ್ಲಿ ಸ್ಪರ್ಧೆಯ ಮೈಕು ಕೂಗಿತು: "ಈಗ ಸೀತಾಲಕ್ಷ್ಮಿಯವರಿಂದ, ಅವರೇ ಕಟ್ಟಿದ ಹಾಡು." ಹಿಂದೆಯೇ ವಿಮಲಾ ಕಟ್ಟಿದ ಸಾಲುಗಳು ಒಂದೊಂದಾಗಿ ಬಂದವು. ಅವಳು ಬಾಗಿಲ ತನಕ ಓಡಿದಳು, ಹೊಸಿಲು ದಾಟಲಾರದೆ ನಿಂತಳು. ಅಮ್ಮನಿಗೆ ಹೇಳಿದವರು ಯಾರೆಂದು ಆಗ ತಿಳಿಯಿತು.

ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರೆ ನಡುಮನೆಯಲ್ಲಿ ಸೀತಾ ಕೂತಿದ್ದಳು, ತೊಡೆಯ ಮೇಲೆ ಆ ಎಲ್‌ಪಿ.

"ಇದನ್ನ ನೀನೇ ಇಟ್ಕೋ" ಅಂದಳು, ಮುಖ ನೋಡದೆ. "ಧಾಟಿ ನಿನ್ನದೂ ಅಲ್ವಲ್ಲ. ಇವಳದು."

"ಮಾತು ಯಾರದು?"

ರಟ್ಟಿನ ಮೇಲೆ ರೊಸಾರಿಯೊ ನಗುತ್ತಿದ್ದಳು. ಅವಳ ಹೆಸರು ಅವಳ ಹಾಡಿನ ಪಕ್ಕದಲ್ಲೇ ದೊಡ್ಡದಾಗಿ ಅಚ್ಚಾಗಿತ್ತು.

ನಾರಾಯಣಮ್ಮ ಕಾಫಿ ತಂದರು. "ರೇಡಿಯೋದಲ್ಲಿ ಹಾಡ್ತಾಳಂತೆ ಕಣೇ ನಮ್ಮ ಸೀತಾ. ಆ ಹಾಡು ಇವಳಿಗೂ ಹೇಳ್ಕೊಡಮ್ಮ. ಗಂಡಿನ ಕಡೆಯೋರು ಬಂದಾಗ ಹಾಡೋಕಾಗತ್ತೆ."

ವಿಮಲಾ ಚಾಪೆ ಹಾಸಿ ಸೀತಾಳ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು.

"ಹೇಳ್ಕೊಡು. ಮೊದಲನೇ ಸಾಲಿಂದ."

ಸೀತಾ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ.

"ನಾಚ್ಕೋಬೇಡಮ್ಮ, ಹಾಡು" ಅಂದರು ನಾರಾಯಣಮ್ಮ.