ಚಾಂದನಿಯ ಬಾಣಂತನ

ಕುದುರೆ ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಶಿರ್ತಾಡಿಯಲ್ಲಿ ಅದು ನನ್ನ ಗಂಡನದ್ದು ಎನ್ನುವವರಿದ್ದಾರೆ, ನನ್ನ ಹುಚ್ಚಿನದ್ದು ಎನ್ನುವವರೂ ಇದ್ದಾರೆ. ಗಂಡ ನಿಝಾರ್ ಸೌದಿಯ ಜುಬೈಲಿನಲ್ಲಿ ಕ್ರೇನ್ ಓಡಿಸುತ್ತಾರೆ. ವಿಡಿಯೊ ಕಾಲಿನಲ್ಲಿ ಅದನ್ನು ನೋಡಿ ನಕ್ಕದ್ದು ಬಿಟ್ಟರೆ ಈ ಕುದುರೆಯಲ್ಲಿ ಅವರ ಪಾಲು ಏನೂ ಇಲ್ಲ.

ಪಾಣೆಮಂಗಳೂರಿನಲ್ಲಿ ನಾದಿನಿ ಫಿದಾಳ ಮದುವೆ. ಮದುಮಗನನ್ನು ಕೂರಿಸಿ ತರಲು ನಿಝಾಮುದ್ದೀನ್ ಎಂಬವನು ಬಿಳಿ ಕುದುರೆಯೊಂದನ್ನು ತಂದಿದ್ದ. ಮೈತುಂಬ ಜರಿಯ ಹೊದಿಕೆ, ಹಣೆಯಲ್ಲಿ ಗರಿ. ಮದುಮಗ ಇಳಿದು ಒಳಗೆ ಹೋದ ಮೇಲೆ ಮದುವೆ ಮಂಟಪದ ಹಿಂಬದಿಯಲ್ಲಿ ಅವನು ಹೊದಿಕೆ ತೆಗೆದ. ನಾನು ಕೈ ತೊಳೆಯಲೆಂದು ಅಲ್ಲಿಗೆ ಹೋಗಿದ್ದೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೂಡಬಿದಿರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ, ಬಟ್ಟೆಯಿಂದ ಏನೇನು ಮುಚ್ಚಬಹುದು ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಸಿಟ್ಟು ನೆತ್ತಿಗೇರಿತು.

"ಇದರ ಕಥೆ ಮುಗಿಯಿತು ಅಕ್ಕ. ಎಷ್ಟು ಹಾಕಿದರೂ ಮೈ ಹಿಡಿಯುವುದಿಲ್ಲ. ಸೀಸನ್ ಆದ ಮೇಲೆ ಯಾರಿಗಾದರೂ ದಾಟಿಸ್ತೇನೆ" ಎಂದ ಅವನು.

"ಎಲ್ಲಿಗೂ ದಾಟಿಸುವುದು ಬೇಡ. ನನಗೆ ಕೊಡಿ" ಎಂದೆ. ಅವನು ತಮಾಷೆ ಎಂದುಕೊಂಡ. ಮಾರನೆಯ ವಾರ ನನ್ನ ಹೊಲಿಗೆಯ ದುಡ್ಡಿನಿಂದಲೇ ಅದನ್ನು ಶಿರ್ತಾಡಿಗೆ ತಂದು ನಮ್ಮ ಅಂಗಳದಲ್ಲಿ ಕಟ್ಟಿದೆ. ಚಾಂದನಿ ಎಂಬ ಹೆಸರು ಮೊದಲೇ ಇತ್ತು, ಅದನ್ನೇ ಉಳಿಸಿಕೊಂಡೆ.

ಈಗ ನನ್ನ ಅತ್ತೆಯ ವಿಷಯ ಹೇಳಬೇಕು. ನಾನು ಮಾಮಿ ಎಂದು ಕರೆಯುವ ಜುಲೈಕಾ, ಶಿರ್ತಾಡಿಯಿಂದ ಗುರುವಾಯನಕೆರೆಯ ತನಕ ಬಾಣಂತನಕ್ಕೆ ಹೆಸರಾದವರು. ಹೆರಿಗೆಯಲ್ಲಿ ಬಸವಳಿದು ಒಣಕಡ್ಡಿಯಾದ ಹುಡುಗಿಯರನ್ನು ಅವರ ಕೈಗೆ ಒಪ್ಪಿಸಿದರೆ, ನಲವತ್ತು ದಿನ ಕಳೆಯುವಷ್ಟರಲ್ಲಿ ಕೆನ್ನೆ ತುಂಬಿಸಿ ಕಳಿಸುತ್ತಿದ್ದರು. ಮೆಂತೆ ಗಂಜಿ, ತೆಂಗಿನ ಹಾಲು, ಬೆಲ್ಲ, ಮೇಲೆ ಕೈ ಬಿಗಿ ಮಾಡದೆ ಸುರಿದ ತುಪ್ಪ. ನನ್ನ ಎರಡು ಬಾಣಂತನದಲ್ಲೂ ನಾನು ಅಳುತ್ತಾ ಉಂಡವಳು. ಅಂಥವರ ಅಂಗಳದಲ್ಲಿ ಎಲುಬಿನ ಗೂಡೊಂದು ನಿಂತು ಹುಲ್ಲು ಜಗಿಯುತ್ತಿತ್ತು. ಬಸ್ಸಿಗೆ ಹೋಗುವವರೆಲ್ಲ ಗೇಟಿನ ಹತ್ತಿರ ನಿಂತು, "ಎಂತ ಜುಲೈಕಕ್ಕ, ಇದಕ್ಕೆ ನಿಮ್ಮ ಮನೆಯಲ್ಲಿ ಊಟ ಇಲ್ವಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಮಾಮಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು.

ಒಂದು ದಿನ ಅವರ ತಮ್ಮ ಹಾಜಬ್ಬ ಬಂದು ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟರು. "ಬಕ್ರೀದಿನ ಒಳಗೆ ಮೈ ತುಂಬಿದರೆ ಸರಿ. ಇಲ್ಲದಿದ್ದರೆ ಕಳಿಸಿಬಿಡುವ." ಮಾಮಿ ಆಗಲಿ ಎಂದರು. ಎಲ್ಲಿಗೆ ಕಳಿಸುವುದು ಎಂದು ಯಾರೂ ಹೇಳಲಿಲ್ಲ. ಮುದಿ ಕುದುರೆಯನ್ನು ಎಲ್ಲಿಗೆ ಕಳಿಸುತ್ತಾರೆ ಎಂಬುದು ಕೇಳಿ ತಿಳಿಯಬೇಕಾದ ಸಂಗತಿಯೂ ಅಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಇನ್ನೂ ಬಂದಿರಲಿಲ್ಲ. ನಾನು ಅದು ಬರುವ ತನಕ ಕಾಯದೆ ಬೆಳ್ತಂಗಡಿಯ ದಯಾನಂದ ಡಾಕ್ಟರಿಗೆ ಫೋನ್ ಮಾಡಿದೆ.

ಡಾಕ್ಟರು ಬಂದವರು ಮೊದಲು ಬಾಯಿ ಬಿಡಿಸಿ ನೋಡಿದರು. ದವಡೆ ಹಲ್ಲುಗಳ ಅಂಚು ಚೂಪಾಗಿ ಬೆಳೆದು ಕೆನ್ನೆಯ ಒಳಗೆಲ್ಲ ಗಾಯವಾಗಿತ್ತು. ಅರ ಹಾಕಿ ಅದನ್ನು ಉಜ್ಜಿ ಸಮ ಮಾಡಿದರು, ಹುಳಕ್ಕೆ ಮದ್ದು ಕೊಟ್ಟರು.

"ಜಗಿಯಲಿಕ್ಕೇ ಆಗದಿದ್ದರೆ ಮೈ ಹೇಗೆ ಬರ್ತದೆ? ಇನ್ನು ಇದಕ್ಕೆ ಹುಲ್ಲೇ ಊಟ. ಬೆಳಗಿನಿಂದ ಸಂಜೆವರೆಗೆ ಮೇಯ್ತಾ ಇರಲಿ, ರಾತ್ರಿಗೂ ಒಣಹುಲ್ಲು ಇರಲಿ. ನೆನೆಸಿದ ಹುರುಳಿ ಒಂದು ಹಿಡಿ, ನೆಲಗಡಲೆ ಹಿಂಡಿ ಸ್ವಲ್ಪ, ನೆಕ್ಕಲಿಕ್ಕೆ ಉಪ್ಪು, ಯಾವಾಗಲೂ ನೀರು. ಹೆಚ್ಚು ಮಾಡುವುದಾದರೆ ಒಮ್ಮೆಲೇ ಬೇಡ, ವಾರ ವಾರ ಸ್ವಲ್ಪ ಸ್ವಲ್ಪ. ಇದು ದನದ ಹಾಗಲ್ಲ, ಹೊಟ್ಟೆ ಸಣ್ಣದು. ಕುದುರೆಗೆ ವಾಂತಿ ಮಾಡ್ಲಿಕ್ಕೆ ಬರುವುದಿಲ್ಲ, ಗೊತ್ತುಂಟಾ? ಹೆಚ್ಚಾದರೆ ಅದು ಒಳಗೇ ಉಳಿಯುವುದು."

ಮಾಮಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದರು. ಡಾಕ್ಟರು ಹೋದ ಮೇಲೆ, "ಹುಲ್ಲು ತಿಂದು ಮೈ ಬರುವುದಾದರೆ ನಾವೆಲ್ಲ ಹುಲ್ಲೇ ತಿನ್ನುತ್ತಿದ್ದೆವು" ಎಂದು ಒಳಗೆ ಹೋದರು.

ನಾನು ಗದ್ದೆಯ ಅಂಚಿನ ಹುಣಿಯಿಂದ ಹುಲ್ಲು ಕೊಯ್ದು ತಂದೆ, ಮಿಕ್ಕದ್ದನ್ನು ಟೆರೇಸಿನಲ್ಲಿ ಒಣಗಿಸಿದೆ. ಅಂಗಡಿಯ ಟೇಪನ್ನೇ ತಂದು ಚಾಂದನಿಯ ಎದೆಯ ಸುತ್ತಳತೆ ತೆಗೆದೆ. ತಿಂಗಳು ಕಳೆದಾಗ ಟೇಪು ಸ್ವಲ್ಪ ಮುಂದೆ ಸರಿದಿತ್ತು. ಗೇಟಿನ ಹತ್ತಿರ ನಿಲ್ಲುವವರ ಕಣ್ಣಿಗೆ ಅದು ಕಾಣುವಷ್ಟಲ್ಲ, ನನಗೆ ಸಾಕಾಗುವಷ್ಟು. ಕೂದಲಿಗೆ ಹೊಳಪು ಬರತೊಡಗಿತ್ತು. ನನಗೆ ಹಾಡಬೇಕು ಅನ್ನಿಸುವಷ್ಟು ಸಂತೋಷವಾಯಿತು. ಮಾಮಿಗೆ ಹೇಳಿದರೆ, "ಬಕ್ರೀದು ಟೇಪು ನೋಡಿ ಬರುವುದಿಲ್ಲ" ಎಂದರು.

ಬಕ್ರೀದಿಗೆ ಇನ್ನೂ ಕೆಲವು ದಿನಗಳಿದ್ದವು. ಅಂದು ಅಂಗಡಿಯಲ್ಲಿ ಹೊಲಿಯಲು ರಾಶಿ ಬಟ್ಟೆ. ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದು ಗೇಟು ತೆರೆದರೆ ಚಾಂದನಿ ಕಾಲಿನಿಂದ ನೆಲ ಕೆದರುತ್ತಿತ್ತು. ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು, ಮಲಗಿ ಹೊರಳಿ ಮತ್ತೆ ಏಳುತ್ತಿತ್ತು. ಮೈಯೆಲ್ಲ ಬೆವರು. ಅದರ ಮುಂದೆ ಬಾಣಂತಿಯರಿಗೆ ಗಂಜಿ ಬೇಯಿಸುವ ದೊಡ್ಡ ಪಾತ್ರೆ, ಬುಡದಲ್ಲಿ ತುಪ್ಪದ ಪಸೆ. ಪಕ್ಕದಲ್ಲಿ ಸೌಟು ಹಿಡಿದುಕೊಂಡು ಮಾಮಿ.

"ಎಷ್ಟು ಆಸೆಯಿಂದ ತಿಂದಿತು ಪಾಪ" ಎಂದರು. "ಇನ್ನೂ ಬೇಕು ಅನ್ನುವ ಹಾಗೆ ನೋಡಿತು. ಮತ್ತೆ ಹಾಕಿದೆ."

ನಾನು ಕಿರುಚಿದೆ. ಈ ಮನೆಗೆ ಬಂದ ಮೇಲೆ ಅವರ ಮೇಲೆ ಧ್ವನಿ ಎತ್ತಿದ್ದು ಅದೇ ಮೊದಲು, ಅದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಡಾಕ್ಟರು ಬಂದು ಸೂಜಿ ಚುಚ್ಚಿದರು, ಮೂಗಿನಿಂದ ಕೊಳವೆ ಇಳಿಸಿ ಮದ್ದು ಹಾಕಿದರು. "ನಿಧಾನಕ್ಕೆ ನಡೆಸ್ತಾ ಇರಿ. ಲದ್ದಿ ಹಾಕಿದರೆ ಬದುಕಿತು. ಅಲ್ಲಿವರೆಗೆ ಬಾಯಿಗೆ ಏನೂ ಇಲ್ಲ. ಹಾಕಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಒಂದೇ ಹಿಡಿ ಹಸಿ ಹುಲ್ಲು, ಅದಕ್ಕಿಂತ ಹೆಚ್ಚು ಕೊಡಬಾರದು" ಎಂದು ಹೇಳಿ ಇನ್ನೊಂದು ಕಡೆಗೆ ಹೊರಟರು.

ಅಂಗಳದಲ್ಲಿ ಸುತ್ತು ಹಾಕಿಸುತ್ತಾ ಇದ್ದೆ. ಸುದ್ದಿಗೆ ಕಾಲು ಬೇಕೆ? ಹಾಜಬ್ಬ ಪಿಕಪ್ ಗಾಡಿ ಮಾಡಿಕೊಂಡೇ ಬಂದರು. ಹಿಂದಿನ ಬಾಗಿಲು ಇಳಿಸಿ, "ಸಬೀಹಾ, ಸಾಯುವ ಪ್ರಾಣಿಯನ್ನು ಹಬ್ಬದ ಹೊತ್ತಿಗೆ ಅಂಗಳದಲ್ಲಿ ಇಟ್ಟುಕೊಳ್ಳುವುದು ಬೇಡ. ಹತ್ತಿಸುವ" ಎಂದರು.

"ಹತ್ತಿಸುವುದಿಲ್ಲ ಮಾಮ."

"ನಿಝಾರಿಗೆ ಫೋನ್ ಮಾಡ್ತೇನೆ ನೋಡು."

"ಮಾಡಿ. ಕುದುರೆ ಅವರದ್ದಲ್ಲ."

"ಜನ ಎಂತ ಹೇಳ್ತಾರೆ ಗೊತ್ತುಂಟಾ ನಿನಗೆ?"

"ಗೊತ್ತುಂಟು. ಇದು ಬಂದ ದಿನದಿಂದ ಕೇಳ್ತಾ ಇದ್ದೇನೆ. ಅವರು ಹೇಳಿದ್ದರಿಂದ ಇದಕ್ಕೆ ಒಂದು ಎಸಳು ಹುಲ್ಲು ಹೆಚ್ಚು ಸಿಗಲಿಲ್ಲ. ಬದುಕಿದರೆ ಇಲ್ಲೇ ಬದುಕ್ತದೆ, ಸತ್ತರೆ ಇಲ್ಲೇ ಹೊಂಡ ತೋಡ್ತೇನೆ. ನಿಮ್ಮ ಗಾಡಿಗೆ ಹತ್ತಿಸಬೇಕಾದರೆ ನನ್ನನ್ನು ಮೊದಲು ಹತ್ತಿಸಿ."

ಅವರು ಹಗ್ಗಕ್ಕೆ ಕೈ ಹಾಕಿದರು. ನಾನು ಬಿಡಲಿಲ್ಲ. ಎಳೆದಾಟದ ನಡುವೆ ಚಾಂದನಿ ನಿಂತಲ್ಲೇ ಬಾಲ ಎತ್ತಿತು.

ಲದ್ದಿ ಬಿತ್ತು. ಜಗಲಿಯಲ್ಲಿ ಕಲ್ಲಾಗಿ ಕುಳಿತಿದ್ದ ಮಾಮಿ ಎದ್ದು ಬಂದು, ಹಸುಗೂಸಿನ ಬಟ್ಟೆ ನೋಡುವ ಹಾಗೆ ಬಗ್ಗಿ ಅದನ್ನು ನೋಡಿದರು. ಮತ್ತೆ ನೆಟ್ಟಗಾಗಿ ತಮ್ಮನ ಕೈಯಿಂದ ಹಗ್ಗ ಬಿಡಿಸಿದರು.

"ಗಾಡಿ ತಕ್ಕೊಂಡು ಹೋಗು ಹಾಜಬ್ಬ. ತಿನ್ನಿಸಿದ್ದು ನಾನು. ಕುದುರೆ ಎಂತ ತಪ್ಪು ಮಾಡಿದೆ?"

"ಬಕ್ರೀದಿಗೆ ಅಂತ ನೀನೇ ಮಾತು ಕೊಟ್ಟದ್ದಲ್ವಾ?"

"ಹೌದು, ಕೊಟ್ಟದ್ದು ನಾನೇ. ಈಗ ಅದನ್ನು ವಾಪಸ್ ತಕ್ಕೊಂಡೆ. ಜನ ಕೇಳಿದರೆ ನನ್ನ ಹತ್ತಿರ ಕಳಿಸು."

ಹಾಜಬ್ಬ ಗೊಣಗುತ್ತಾ ಹೋಗಿ ಪಿಕಪ್ಪಿನ ಬಾಗಿಲು ಎತ್ತಿ ಹಾಕಿದರು. ಪಿಕಪ್ಪು ಹೋದ ಮೇಲೆ ನಾವಿಬ್ಬರೂ ಕುದುರೆಯನ್ನು ನಡೆಸಿದೆವು. ಬಿಸಿಲು ಇಳಿಯುವ ಹೊತ್ತಿಗೆ ಅದರ ಬೆವರು ಆರಿತು, ಕಿವಿ ನಿಮಿರಿತು.

"ಎಷ್ಟು ಅಂತ ಹೇಳಿದ್ದು ಡಾಕ್ಟರು?" ಎಂದು ಮಾಮಿ ಕೇಳಿದರು.

"ಒಂದು ಹಿಡಿ."

ಅವರು ಹುಲ್ಲಿನ ಕಟ್ಟನ್ನೇ ತಬ್ಬಿ ಎತ್ತಿದರು. ಆಮೇಲೆ ಅದನ್ನು ಕೆಳಗಿಟ್ಟು, ಅದರಿಂದ ಒಂದು ಹಿಡಿ ಎಳೆದು ಚಾಂದನಿಯ ಬಾಯಿಗೆ ಹಿಡಿದರು. ಅದು ನಿಧಾನವಾಗಿ ಜಗಿದು ನುಂಗಿತು. ನುಂಗಿ, ಮೂತಿಯನ್ನು ಮಾಮಿಯ ಅಂಗೈಗೆ ಒತ್ತಿ ಇನ್ನಷ್ಟು ಕೇಳಿತು. ಭುಜಕ್ಕೆ ತಲೆ ಉಜ್ಜಿ ಮತ್ತೆ ಕೇಳಿತು. ಮಾಮಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕಣ್ಣೀರು ಗಲ್ಲದವರೆಗೆ ಇಳಿಯುತ್ತಿತ್ತು. ಕೊಡಲಿಲ್ಲ.